ಒಂದೆಲಗದ ಕಬ್ಬಿಣ, ತೋಟದ ಮಣ್ಣು

ಒಂದೆಲಗದಲ್ಲಿ ಕಬ್ಬಿಣ ಎಷ್ಟಿದೆ ಎಂದು ಯಾರಾದರೂ ಅಂಕಿ ಹೇಳಿದರೆ, ಎಲೆಯನ್ನು ಹೇಗೆ ತೊಳೆದಿರಿ ಎಂದು ನಾನು ಮೊದಲು ಕೇಳುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಔಷಧೀಯ ಸಸ್ಯಗಳಲ್ಲೂ ಸೊಪ್ಪುಗಳಲ್ಲೂ ಇರುವ ಅತ್ಯಲ್ಪ ಪ್ರಮಾಣದ ಲೋಹಾಂಶಗಳನ್ನು ಅಳೆಯುತ್ತ ಬಂದ ನನಗೆ, ಉಪಕರಣಕ್ಕಿಂತ ಮಾದರಿಯ ಸಿದ್ಧತೆಯೇ ಫಲಿತಾಂಶವನ್ನು ಹೆಚ್ಚು ನಿರ್ಧರಿಸುತ್ತದೆ ಎಂಬುದು ಮನವರಿಕೆಯಾಗಿದೆ.

ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಮಳೆಹನಿ ನೆಲಕ್ಕೆ ಬಡಿದು ಸಿಡಿಸುವ ಈ ಮಣ್ಣು, ನೆಲಕ್ಕಂಟಿಕೊಂಡು ಹಬ್ಬುವ ಒಂದೆಲಗದ ಎಲೆಯ ಅಡಿಗೂ ತೊಟ್ಟಿನ ಸಂದಿಗೂ ಸೇರಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ, ಒಂದನ್ನು ತೊಳೆಯದೆ, ಇನ್ನೊಂದನ್ನು ನಲ್ಲಿನೀರಿನಲ್ಲಿಯೂ ಬಳಿಕ ಕರಗಿದ ಲವಣಗಳನ್ನು ತೆಗೆದ ಅಯಾನುಮುಕ್ತ ನೀರಿನಲ್ಲಿಯೂ ಬೇಗಬೇಗನೆ ತೊಳೆದು ಅಳೆಯುವುದು ನನ್ನ ಕ್ರಮ. ಒಂದೆಲಗದ ಎರಡು ಪಾಲುಗಳ ನಡುವೆ ಕಬ್ಬಿಣದ ಅಂತರ ದೊಡ್ಡದಿರುತ್ತದೆ, ಸತುವಿನದು ಅಷ್ಟಿರುವುದಿಲ್ಲ. ಮರಕ್ಕೆ ಹಬ್ಬಿ ಮೇಲೇರಿದ ಅಮೃತಬಳ್ಳಿಯಲ್ಲಿ ಕಬ್ಬಿಣದ ಅಂತರವೂ ಕಿರಿದಾಗುತ್ತದೆ. ಬೇರುಸಹಿತ ಕೀಳುವ ನೆಲನೆಲ್ಲಿಯ ಬೇರನ್ನು ನಾನು ಬೇರೆಯಾಗಿಯೇ ಪುಡಿ ಮಾಡುತ್ತೇನೆ, ಅದೂ ಉಕ್ಕಿನ ಬ್ಲೇಡಿನ ಮಿಕ್ಸಿಯಲ್ಲಲ್ಲ, ಅಗೇಟ್ ಕಲ್ಲಿನ ಖಲ್ವದಲ್ಲಿ.

ಅಡಿಕೆ ತೋಟದ ಮಾದರಿಗಳಲ್ಲಿ ತಾಮ್ರದ ಮಾತೂ ಬರುತ್ತದೆ. ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣ ಗೊನೆಯ ಮೇಲಷ್ಟೇ ನಿಲ್ಲದೆ ಕೆಳಗಿನ ಸೊಪ್ಪಿನ ಮೇಲೂ ಬೀಳುತ್ತದೆ. ಮಳೆಗೆ ತೊಳೆದುಹೋಗದಂತೆ ಅಂಟಿಕೊಳ್ಳುವುದೇ ಅದರ ಗುಣವಾದ್ದರಿಂದ ನಮ್ಮ ತೊಳೆತಕ್ಕೂ ಅದು ಪೂರ್ತಿ ಬಿಡುವುದಿಲ್ಲ. “ಔಷಧಿ ಹೊಡೆದ ತೋಟದ ಒಂದೆಲಗ ತರಬಹುದಾ ಮೇಷ್ಟ್ರೇ?” ಎಂದು ಕೇಳಿದ ತೋಟದವರೊಬ್ಬರಿಗೆ, ತರಬಹುದು, ಆದರೆ ಹೊಡೆದ ದಿನಾಂಕವನ್ನು ಚೀಲದ ಮೇಲೆ ಬರೆದು ತನ್ನಿ ಎಂದಿದ್ದೆ. ಆ ದಿನಾಂಕವಿಲ್ಲದ ತಾಮ್ರದ ಅಂಕಿಯಿಂದ ಗಿಡದ ಬಗ್ಗೆ ಏನನ್ನೂ ತೀರ್ಮಾನಿಸಲಾಗದು.

ಮಳೆಗಾಲದಲ್ಲಿ ಇಲ್ಲಿ ಪುಡಿ ಕೂಡ ಗಾಳಿಯ ತೇವವನ್ನು ಹೀರುತ್ತದೆ. ಹಾಗಾಗಿ 65 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಣಗಿಸಿ, ತೇವ ತಾಗದಂತೆ ಕಾಯುವ ಡೆಸಿಕೇಟರ್ ಪಾತ್ರೆಯಲ್ಲಿಟ್ಟು, ತೂಗುವ ದಿನವೇ ಬೇರೊಂದು ಪಾಲನ್ನು 105 ಡಿಗ್ರಿಯಲ್ಲಿ ಒಣಗಿಸಿ ತೇವಾಂಶವನ್ನು ಲೆಕ್ಕದಿಂದ ಕಳೆಯುತ್ತೇನೆ. ಅರ್ಧ ಗ್ರಾಂ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಮರುದಿನ ಆಮ್ಲದ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ ನಿಧಾನವಾಗಿ ಕಾಯಿಸಿ, ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿ, ದ್ರಾವಣ ತಿಳಿಯಾದ ಮೇಲೆ 25 ಮಿಲಿ ಲೀಟರಿಗೆ ಏರಿಸುತ್ತೇನೆ. ಪರ್ಕ್ಲೋರಿಕ್ ಆಮ್ಲ ಬೇಗ ಕೆಲಸ ಮುಗಿಸುತ್ತದೆಯಾದರೂ ಸಾವಯವ ವಸ್ತುವಿನೊಂದಿಗೆ ಸ್ಫೋಟಿಸಬಲ್ಲದು. ಅದಕ್ಕೆಂದೇ ಕಟ್ಟಿದ ಹುಡ್ ಇಲ್ಲದ ಕಡೆ ಅದನ್ನು ಮುಟ್ಟಬಾರದು. ಒಟ್ಟಿಗೆ ಕಾಯಿಸುವ ಪ್ರತಿ ಕಂತಿನ ಮಾದರಿಗಳ ಜೊತೆ, ಅಳತೆಯನ್ನು ಪರೀಕ್ಷಿಸಲೆಂದು, ಮಾದರಿಯಿಲ್ಲದೆ ಆಮ್ಲವಷ್ಟೇ ಇರುವ ಒಂದು ಬ್ಲ್ಯಾಂಕ್ ಮತ್ತು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ನ 1515 ಸಂಖ್ಯೆಯ ಸೇಬಿನೆಲೆ ಪುಡಿ ಇದ್ದೇ ಇರುತ್ತವೆ. ಆ ಪುಡಿಯಲ್ಲಿ ಕಿಲೋಗೆ ಸತು ಸುಮಾರು 12.5, ಕಬ್ಬಿಣ ಸುಮಾರು 83 ಮಿಲಿಗ್ರಾಂ ಎಂದು ಪ್ರಮಾಣೀಕರಿಸಲಾಗಿದೆ. ಸತು ಹೊಂದಿಕೊಂಡು ಕಬ್ಬಿಣ ಸ್ವಲ್ಪ ಕಡಿಮೆ ಬಂದರೆ ಗಾಬರಿಯಾಗಬೇಕಿಲ್ಲ, ಮರಳಿನಂಥ ಸಿಲಿಕೇಟ್ ಕಣಗಳೊಳಗೆ ಸೆರೆಯಾದ ಕಬ್ಬಿಣ ನೈಟ್ರಿಕ್ ಆಮ್ಲಕ್ಕೆ ಪೂರ್ತಿ ಬಿಟ್ಟುಬರುವುದಿಲ್ಲ.

ಕಬ್ಬಿಣ, ಸತು, ಮ್ಯಾಂಗನೀಸ್, ತಾಮ್ರಗಳಿಗೆ ಜ್ವಾಲೆಯಲ್ಲಿ ಲೋಹದ ಪರಮಾಣುಗಳು ಹೀರುವ ಬೆಳಕನ್ನು ಅಳೆಯುವ ಅಟಾಮಿಕ್ ಅಬ್ಸಾರ್ಪ್ಶನ್ ಉಪಕರಣ ಸಾಕು. ಕ್ಯಾಡ್ಮಿಯಂಗೆ ಸಾಲದು. ಔಷಧೀಯ ಸಸ್ಯಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಸೀಸಕ್ಕೆ ಕಿಲೋಗೆ 10 ಮಿಲಿಗ್ರಾಂ, ಕ್ಯಾಡ್ಮಿಯಂಗೆ 0.3. ಅರ್ಧ ಗ್ರಾಂ ಪುಡಿಯನ್ನು 25 ಮಿಲಿ ಲೀಟರಿಗೆ ಏರಿಸುವ ನನ್ನ ದುರ್ಬಲೀಕರಣದಲ್ಲಿ ಆ 0.3 ಎಂಬುದು ಲೀಟರಿಗೆ 0.006 ಮಿಲಿಗ್ರಾಂಗೆ ಇಳಿಯುವುದರಿಂದ, ಜ್ವಾಲೆಯಲ್ಲಿ ‘ಪತ್ತೆಯಾಗಲಿಲ್ಲ’ ಎಂದು ಬರೆದು ಸಸ್ಯ ಸುರಕ್ಷಿತವೆಂದು ಸಾರುವುದು ಸರಿಯಲ್ಲ. ಅದನ್ನು, ಇನ್ನೂ ಕಡಿಮೆ ಪ್ರಮಾಣವನ್ನು ಹಿಡಿಯಬಲ್ಲ ಗ್ರಾಫೈಟ್ ಕುಲುಮೆಯಿರುವ ಕಡೆಗೆ ಕಳಿಸುತ್ತೇನೆ.

ಇಷ್ಟೆಲ್ಲ ಅಳೆದದ್ದು ಪುಡಿಯಲ್ಲಿರುವ ಒಟ್ಟು ಪ್ರಮಾಣ. ಕಷಾಯ ಕುದಿಸಿ ಸೋಸಿದಾಗ ಕಬ್ಬಿಣದ ಬಹುಪಾಲು ಗಸಿಯಲ್ಲೇ ಉಳಿಯುವುದನ್ನು ನೋಡಿದ ಮೇಲೆ, ಕಷಾಯದ ಗಿಡಮೂಲಿಕೆಗಳ ವರದಿಯಲ್ಲಿ ನೀರಿಗಿಳಿದ ಪ್ರಮಾಣವನ್ನೂ ಪಕ್ಕದಲ್ಲಿ ಬರೆಯುತ್ತೇನೆ. ತಂಬುಳಿಗೆ ಅರೆಯುವ ಸೊಪ್ಪಿಗೆ ಒಟ್ಟು ಪ್ರಮಾಣವೇ ಸಾಕು, ಅಲ್ಲಿ ಎಲೆ ಇಡಿಯಾಗಿ ಹೊಟ್ಟೆ ಸೇರುತ್ತದೆ.