ಕಷಾಯಕ್ಕೆ ಮೆಣಸು ಎಷ್ಟು?

ನಮ್ಮ ಶಿರಸಿ ಕಡೆ ಹವ್ಯಕರ ಮನೆಗೆ ಯಾರೇ ಬಂದರೂ ಮೊದಲು ಕೇಳುವುದು ‘ಆಸ್ರಿಗೆ ಎಂತ ಬೇಕು?’ ಅಂತ. ಆಸ್ರಿಗೆ ಅಂದರೆ ಬಾಯಾರಿಕೆಗೆ ಕೊಡುವುದು. ಚಹಾ, ಮಜ್ಜಿಗೆ, ಬೆಲ್ಲ-ನೀರು, ಇಲ್ಲದಿದ್ದರೆ ಕಷಾಯ. ಚಿಕ್ಕವಳಿದ್ದಾಗ ನಾನು ಒಂದು ದಿನವೂ ಕಷಾಯ ಅಂದವಳಲ್ಲ. ಚಹಾ ಬಿಟ್ಟ ಅಜ್ಜಂದಿರು ಕುಡಿಯುವುದು ಅದು ಅಂತ ನನ್ನ ಲೆಕ್ಕ.

ಅದು ನನಗೇ ಬೇಕಾಗಿ ಬಂದಿದ್ದು 2020ರಲ್ಲಿ. ಬೆಂಗಳೂರಿನ ಮನೆಯಲ್ಲೇ ಕೂತು ಕೆಲಸ, ರಾತ್ರಿ ಹತ್ತೂವರೆಗೆ ಊಟ, ಬೆಳಗ್ಗೆ ಎದ್ದರೆ ಹೊಟ್ಟೆ ಉಬ್ಬರ. ಆ ವರ್ಷ ಎಲ್ಲರ ಬಾಯಲ್ಲೂ ಕಷಾಯದ್ದೇ ಮಾತು, ನೆನಪಿದೆ ಅಲ್ವಾ? ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿ ಹಾಕಿ ದಿನಕ್ಕೆ ಒಂದೆರಡು ಸಲ ಕುಡಿಯಿರಿ ಅಂದಿತ್ತು. ಸೋಂಕೂ ಬರಬಾರದು, ಹೊಟ್ಟೆಯೂ ಸರಿಯಾಗಬೇಕು ಅಂತ ನಾನು ಶುರು ಮಾಡಿದೆ. ಖಾರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಹೇಗೋ ತಲೆಗೆ ಹೊಕ್ಕಿತ್ತು. ಒಂದು ಲೋಟಕ್ಕೆ ಇಪ್ಪತ್ತು ಕಾಳು ಮೆಣಸು ಜಜ್ಜಿ ಹಾಕಿ, ದಿನಕ್ಕೆ ಮೂರು ಲೋಟ ಕುಡಿದೆ. ಎರಡು ವಾರದಲ್ಲಿ ಎದೆಯಿಂದ ಗಂಟಲವರೆಗೆ ಉರಿ.

ವಿಡಿಯೊ ಕಾಲ್‌ನಲ್ಲಿ ಆಯಿಗೆ, ಅಂದರೆ ಅಮ್ಮನಿಗೆ, ಪಾತ್ರೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು. ‘ಕೂಸೆ, ಅದು ಕಷಾಯನ, ಮೆಣಸಿನ ಸಾರನ?’

ಆಮೇಲೆ ಒಂದು ಮಾತು ಹೇಳಿದಳು. ಕಷಾಯದ ಪುಡಿ ಅಂದರೆ ಕೊತ್ತಂಬರಿ. ಅದರ ಅರ್ಧ ಜೀರಿಗೆ. ಉಳಿದದ್ದೆಲ್ಲ ಆ ಎರಡಕ್ಕೆ ಜೊತೆ, ಅಷ್ಟೇ. ನಮ್ಮಲ್ಲಿ ಕೊತ್ತಂಬರಿ ತಂಪು, ಮೆಣಸು ಉಷ್ಣ ಅನ್ನುತ್ತಾರೆ. ಕೊತ್ತಂಬರಿ ಇಷ್ಟು ಇರುವುದರಿಂದಲೇ ದಿನಾ ಕುಡಿದರೂ ನಡೆಯುತ್ತದೆ. ಆಯುಷ್‌ನವರ ಅಳತೆಯನ್ನೂ ಆಮೇಲೆ ನೋಡಿದೆ. ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಶುಂಠಿ ಎರಡು, ಮೆಣಸು ಒಂದೇ ಒಂದು. ನಾನು ಪೂರ್ತಿ ಉಲ್ಟಾ ಹೊಡೆದಿದ್ದೆ.

ಈಗ ನಾನು ಮಾಡುವ ಪುಡಿಯ ಅಳತೆ ಇದು: ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50, ಸೋಂಪು 15, ಕಾಳುಮೆಣಸು 10, ಒಣಶುಂಠಿ 10, ಮೆಂತ್ಯ ಒಂದು ಚಮಚ, ಏಲಕ್ಕಿ ಎಂಟೋ ಹತ್ತೋ, ಜಾಯಿಕಾಯಿ ಕಾಲು ಭಾಗ. ಇಬ್ಬರು ದಿನಕ್ಕೊಂದು ಲೋಟ ಕುಡಿದರೆ ಒಂದೂವರೆ ತಿಂಗಳಿಗೆ ಬರುತ್ತದೆ. ಒಮ್ಮೆಲೇ ಜಾಸ್ತಿ ಮಾಡಿಟ್ಟರೆ ಪುಡಿ ಕೆಡುವುದಿಲ್ಲ, ಆದರೆ ಪರಿಮಳ ಹೋಗಿ ಹೊಟ್ಟಿನ ಹಾಗಾಗುತ್ತದೆ.

ಹುರಿಯುವುದರಲ್ಲೇ ಎಲ್ಲಾ ಇರುವುದು. ಮೊದಲ ಸಲ ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದೆ. ಜೀರಿಗೆ ಕಪ್ಪಾಯಿತು, ಕೊತ್ತಂಬರಿ ಹಸಿಯಾಗಿಯೇ ಉಳಿಯಿತು. ಈಗ ಒಂದೊಂದನ್ನೇ ಬೇರೆ ಹುರಿಯುತ್ತೇನೆ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಇಲ್ಲ. ಕೊತ್ತಂಬರಿಗೆ ಸಮಯ ಬೇಕು. ಮೊದಲು ಹುಲ್ಲಿನಂಥ ವಾಸನೆ ಬರುತ್ತದೆ, ಆಮೇಲೆ ಏನೂ ಇಲ್ಲ, ಆಮೇಲೆ ಒಮ್ಮೆಲೇ ಘಂ ಅನ್ನುತ್ತದೆ. ಆಗ ಒಂದು ಕಾಳನ್ನು ಉಗುರಲ್ಲಿ ಒತ್ತಿ ನೋಡುತ್ತೇನೆ. ಬಾಗದೆ ಚಟ್ಟನೆ ಒಡೆದರೆ ಆಯಿತು. ಬಣ್ಣ ನೋಡಿ ಹೇಳುತ್ತೇನೆ ಅಂತ ಹೋದರೆ ಮೋಸ, ಬಣ್ಣ ಬದಲಾಗುವ ಹೊತ್ತಿಗೆ ತಡವಾಗಿರುತ್ತದೆ. ಜೀರಿಗೆ ಒಂದೆರಡು ನಿಮಿಷದ ಕೆಲಸ. ಮೆಂತ್ಯ ಕೆಂಪಾಗಿ ಪರಿಮಳ ಬಂದ ಕೂಡಲೇ ತಟ್ಟೆಗೆ ಸುರಿಯಬೇಕು. ಆಗ ಫೋನ್ ಬಂದರೂ ಎತ್ತಬಾರದು. ಒಂದು ಚಮಚ ಸೀದ ಮೆಂತ್ಯ ಇಡೀ ಡಬ್ಬಿಯನ್ನು ಕಹಿ ಮಾಡುತ್ತದೆ, ನಾನೇ ಮಾಡಿ ಚೆಲ್ಲಿದ್ದೇನೆ. ಏಲಕ್ಕಿ, ಜಾಯಿಕಾಯಿ ಹುರಿಯುವುದಿಲ್ಲ.

ಒಣಶುಂಠಿಯನ್ನು ಇಡಿಯಾಗಿ ಮಿಕ್ಸಿಗೆ ಹಾಕಿ ಬ್ಲೇಡು ಸಿಕ್ಕಿಕೊಂಡಿದ್ದೂ ಆಗಿದೆ. ಈಗ ಕುಟ್ಟಾಣಿಯಲ್ಲಿ ಜಜ್ಜಿಯೇ ಹಾಕುವುದು. ಎಲ್ಲಾ ಪೂರ್ತಿ ಆರಿದ ಮೇಲೆ, ನಿಲ್ಲಿಸಿ ನಿಲ್ಲಿಸಿ ಬೀಸಬೇಕು. ಜಾರು ಬಿಸಿಯಾದರೆ ಪುಡಿ ಗಂಟಾಗುತ್ತದೆ. ನುಣ್ಣಗೆ ಬೇಡ, ತರಿ ಇರಲಿ. ನುಣ್ಣಗಾದರೆ ಎಷ್ಟು ಸೋಸಿದರೂ ಲೋಟದ ತಳದಲ್ಲಿ ಕೆಸರು.

ಪುಡಿ ಸರಿಹೋದ ಮೇಲೆ ಕುದಿಸುವುದರಲ್ಲಿ ಎಡವಿದೆ. ಸುಮ್ನೆ ಇರಲಾರದೆ ಶಾರ್ಙ್ಗಧರ ಸಂಹಿತೆ ಅನ್ನುವ ಹಳೆಯ ಆಯುರ್ವೇದ ಗ್ರಂಥದಲ್ಲಿ ಕಷಾಯದ ವಿಧಾನ ಹುಡುಕಿದೆ. ಒಂದು ಪಾಲು ಮೂಲಿಕೆ, ಹದಿನಾರು ಪಾಲು ನೀರು, ಎಂಟನೇ ಒಂದು ಭಾಗಕ್ಕೆ ಇಳಿಸಬೇಕು ಅಂತ ಇದೆ. ಓಹೋ, ಇದೇ ಶಾಸ್ತ್ರ ಅಂತ ಒಂದು ಭಾನುವಾರ ನಮ್ಮ ಪುಡಿಯನ್ನು ಹಾಗೇ ಕುದಿಸಿದೆ. ಮನೆಯೆಲ್ಲ ಪರಿಮಳ, ಪಾತ್ರೆಯಲ್ಲಿ ಮಾತ್ರ ಕಹಿ ಗೊಜ್ಜು. ಪರಿಮಳವೆಲ್ಲ ಆವಿಯಾಗಿ ಹೋಗಿತ್ತು. ಅದು ಕ್ವಾಥದ, ಅಂದರೆ ಕುದಿಸಿ ಬತ್ತಿಸುವ ಕಷಾಯದ ಲೆಕ್ಕ, ಬೇರು ತೊಗಟೆಯಂಥ ಗಟ್ಟಿ ಮೂಲಿಕೆಗೆ ಹೊಂದುವಂಥದ್ದು. ಅದೇ ಗ್ರಂಥದಲ್ಲಿ ಫಾಂಟ ಅಂತ ಇನ್ನೊಂದಿದೆ: ಬಿಸಿ ನೀರಿಗೆ ಪುಡಿ ಹಾಕಿ, ನೆನೆಯಲು ಬಿಟ್ಟು ಸೋಸುವುದು. ನಮ್ಮ ಮನೆಯ ಕಷಾಯ ಹೆಸರಿಗೆ ಕಷಾಯ, ಮಾಡುವ ರೀತಿ ಹೆಚ್ಚುಕಡಿಮೆ ಫಾಂಟದ್ದೇ. ಆಯಿ ಈ ಹೆಸರುಗಳನ್ನು ಕೇಳಿದವಳಲ್ಲ. ‘ಎರಡು ಕುದಿ ಬಂದ ಮೇಲೆ ಮುಚ್ಚಿಡು’ ಅನ್ನುತ್ತಿದ್ದಳು, ಅಷ್ಟೇ.

ಹಾಗಾಗಿ ಈಗ ಒಂದು ಲೋಟ ನೀರಿಗೆ ಬೆಲ್ಲ ಹಾಕಿ ಕುದಿಸುತ್ತೇನೆ. ಒಂದು ಸಣ್ಣ ಚಮಚ ಪುಡಿ ಹಾಕಿ, ಎರಡು ಕುದಿ ಬಂದರೆ ಒಲೆ ಆರಿಸಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡುತ್ತೇನೆ. ಊರಿಂದ ಜೋನಿಬೆಲ್ಲ, ಅಂದರೆ ಗಟ್ಟಿಯಾಗದ ದ್ರವದಂಥ ಬೆಲ್ಲ, ಬಂದಿದ್ದರೆ ಅದೇ. ಆಲೆಮನೆ ಕಾಲದಲ್ಲಿ ಬಂದ ಹೊಸ ಜೋನಿಬೆಲ್ಲದ ಕಷಾಯಕ್ಕೆ ಬೇರೆಯದೇ ರುಚಿ, ಅಚ್ಚು ಬೆಲ್ಲಕ್ಕೆ ಅದು ಬರುವುದಿಲ್ಲ.

ಹಾಲು ಹಾಕುವವರು ಒಂದು ವಿಷಯ ನೋಡಿಕೊಳ್ಳಿ. ಬೆಲ್ಲ, ಹಾಲು ಒಟ್ಟಿಗೆ ಕುದಿಸಿದರೆ ಒಡೆಯುವ ಸಂಭವ ಜಾಸ್ತಿ, ಬೆಲ್ಲದಲ್ಲಿ ಹುಳಿ ಇರುತ್ತದೆ. ಹಸಿಶುಂಠಿ ಹಾಕಿದರೆ ಮೊದಲು ನೀರಲ್ಲೇ ಚೆನ್ನಾಗಿ ಕುದಿಸಬೇಕು, ಹಸಿಶುಂಠಿಯಲ್ಲಿ ಹಾಲು ಒಡೆಸುವ ಕಿಣ್ವ ಇದೆ, ಕುದಿಸಿದರೆ ಅದು ಸಾಯುತ್ತದೆ. ನಾನು ಹಾಲನ್ನು ಬೇರೆ ಬಿಸಿ ಮಾಡಿ, ಸೋಸಿದ ಮೇಲೆ ಲೋಟದಲ್ಲೇ ಬೆರೆಸುತ್ತೇನೆ. ಆದರೆ ಹಬ್ಬದೂಟ ಮಾಡಿ ಹೊಟ್ಟೆ ಭಾರವಾಗಿದ್ದಾಗ ಹಾಲಿಲ್ಲದ ಕಷಾಯವೇ ಸರಿ. ಭಾರದ ಮೇಲೆ ಭಾರ ಯಾಕೆ?

ಇದರಿಂದ ಏನಾಯಿತು ಅಂತ ಕೇಳುತ್ತೀರಿ. ಊಟವಾಗಿ ಅರ್ಧ ಗಂಟೆಗೆ ಕುಡಿದರೆ ಉಬ್ಬರ ಇಳಿಯುತ್ತದೆ, ಮರುದಿನ ಬೆಳಗ್ಗೆ ಹೊಟ್ಟೆ ಹಗುರ. ಆಯುರ್ವೇದದಲ್ಲಿ ಹಸಿವು ಎಬ್ಬಿಸುವುದಕ್ಕೆ ದೀಪನ, ಜೀರ್ಣವಾಗದೆ ಉಳಿದದ್ದನ್ನು ಅರಗಿಸುವುದಕ್ಕೆ ಪಾಚನ ಅಂತ ಬೇರೆ ಬೇರೆ ಹೆಸರಿದೆ. ಶಾರ್ಙ್ಗಧರದಲ್ಲಿ ದೀಪನಕ್ಕೆ ಕೊಟ್ಟ ಉದಾಹರಣೆ ಮಿಶಿ. ಅದನ್ನು ಸಾಮಾನ್ಯವಾಗಿ ಸೋಂಪು ಅಂತ ಅರ್ಥ ಮಾಡುತ್ತಾರೆ. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಕೊಡುವ ಸೋಂಪು ನೆನಪಾಗಿ ನಗು ಬಂತು. ತಿಂದು ಮುಗಿದ ಮೇಲೆ ಮತ್ತೆ ಹಸಿವು ಎಬ್ಬಿಸುವುದು, ವ್ಯಾಪಾರಕ್ಕೆ ಒಳ್ಳೆಯದೇ.

ಎದೆಯುರಿ ಮಾತ್ರ ಕಷಾಯದಿಂದ ಹೋಗಲಿಲ್ಲ. ವೈದ್ಯರು ನೋಡಿ, ಖಾಲಿ ಹೊಟ್ಟೆಗೆ ಮೆಣಸು-ಶುಂಠಿ ಬೇಡ, ರಾತ್ರಿ ಊಟ ಎಂಟಕ್ಕೆ ಮುಗಿಸಿ ಅಂದರು. ಊಟದ ಹೊತ್ತು ಬದಲಾದ ಮೇಲೇ ಉರಿ ಹೋಗಿದ್ದು. ಹುಳಿತೇಗು, ಹುಣ್ಣು ಇರುವವರು, ಬಸುರಿಯರು, ದಿನಾ ಮಾತ್ರೆ ತೆಗೆದುಕೊಳ್ಳುವವರು ನನ್ನ ಅಳತೆ ನಂಬಿ ಶುರು ಮಾಡಬೇಡಿ, ನಿಮ್ಮ ವೈದ್ಯರನ್ನು ಕೇಳಿ. ನಾನೂ ಏಪ್ರಿಲ್ ಬಂತೆಂದರೆ ಮೆಣಸು, ಶುಂಠಿ ಎರಡನ್ನೂ ಬಿಟ್ಟು ಬರೀ ಕೊತ್ತಂಬರಿ-ಜೀರಿಗೆಯ ಪುಡಿ ಮಾಡಿಕೊಳ್ಳುತ್ತೇನೆ.

ಕಳೆದ ಸಲ ಹುರಿದ ದಿನ ಪಕ್ಕದ ಮನೆಯವರು ವಾಸನೆ ಹಿಡಿದೇ ಬಂದರು. ಒಂದು ಸಣ್ಣ ಡಬ್ಬಿ ತುಂಬಿ ಕೊಟ್ಟೆ. ನಾಲ್ಕು ದಿನ ಬಿಟ್ಟು ಲಿಫ್ಟಿನಲ್ಲಿ ಸಿಕ್ಕಿದರು.

‘ನಿಮ್ಮ ಸಾರಿನ ಪುಡಿ ತುಂಬಾ ಚೆನ್ನಾಗಿತ್ತು ಕಣ್ರೀ’ ಅಂದರು. ‘ಖಾರ ಸ್ವಲ್ಪ ಕಮ್ಮಿ ಆಯ್ತು, ನಾನೇ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಹಾಕ್ಕೊಂಡೆ.’