ಹಕ್ಕಿಗಿಟ್ಟ ನೀರಲ್ಲಿ ಜೇನು ಮುಳುಗದಿರಲು

ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವವರು ಬಟ್ಟಲಿನ ಒಂದು ಬದಿಗೆ ನಾಲ್ಕೈದು ಒರಟು ಕಲ್ಲು ಪೇರಿಸಿ. ಅವುಗಳ ತಲೆ ನೀರಿನಿಂದ ಅರ್ಧ ಇಂಚು ಮೇಲಿರಲಿ. ನುಣುಪಾದ ಅಂಚಿನಲ್ಲಿ ಜೇನುನೊಣಕ್ಕೆ ಕಾಲೂರಲು ಆಗುವುದಿಲ್ಲ, ಜಾರಿ ಬಿದ್ದರೆ ರೆಕ್ಕೆ ನೆನೆದು ಮೇಲೇಳಲಾರದು. ಒದ್ದೆ ಕಲ್ಲಿದ್ದರೆ ಅದರ ಮೇಲೆ ನಿಂತೇ ಹೀರುತ್ತದೆ, ಬಿದ್ದದ್ದೂ ಹತ್ತಿ ಬರುತ್ತದೆ, ಪಾಪ. ಸ್ಟೀಲ್ ಬೇಡ, ಬಿಸಿಲಿಗೆ ನೀರು ಕಾದುಬಿಡುತ್ತದೆ. ಕುಂಡದಡಿ ಇಡುವ ಮಣ್ಣಿನ ತಟ್ಟೆ ಸಾಕು. ಗುಬ್ಬಿ, ಪಿಕಳಾರಕ್ಕೆ ಎರಡು ಇಂಚು ಆಳ ಧಾರಾಳ. ಪೇಂಟ್ ಬಳಿದ ತಟ್ಟೆಯಾದರೆ ನೀರು ಜಿನುಗದು, ತಣ್ಣಗೂ ಇರದು. ದಿನಾ ನೀರು ಚೆಲ್ಲಿ ತೆಂಗಿನ ನಾರಿನಿಂದ ಉಜ್ಜಿ, ಸೋಪು ಹಾಕಬೇಡಿ. ವಾರಗಟ್ಟಲೆ ಬಿಟ್ಟರೆ ಅದರಲ್ಲೇ ಸೊಳ್ಳೆ ಹುಟ್ಟುತ್ತವೆ. ಊರಿಗೆ ಹೋಗುವುದಿದ್ದರೆ ಬೋರಲು ಹಾಕಿ ಹೋಗಿ. ಬೆಕ್ಕು ಓಡಾಡುವ ಜಾಗವಾದರೆ ನೆಲದ ಮೇಲಂತೂ ಇಡಲೇಬೇಡಿ, ತೂಗುಹಾಕಿ.