13 ಸೆಕೆಂಡಿನ ಓಟಕ್ಕೆ ಬಳ್ಳಾರಿಯಲ್ಲೇ ಸ್ಪಾನ್ಸರ್ ಸಿಕ್ಕರು: ನನ್ನ ಅನುಭವ

ಡ್ರ್ಯಾಗ್ ರೇಸ್ ಅಂದರೆ ನೆಟ್ಟಗಿನ ಟ್ರ್ಯಾಕ್ ಮೇಲೆ ಕೆಲವೇ ಸೆಕೆಂಡಿನ ಓಟ. ಅದಕ್ಕೆ ಈ ಸೀಸನ್ ನನ್ನ ಬೈಕಿಗೆ ಒಟ್ಟು ಖರ್ಚು 1 ಲಕ್ಷ 70 ಸಾವಿರದ ಹತ್ತಿರ ಬಂತು. ಅದರಲ್ಲಿ ನನ್ನ ಜೇಬಿನಿಂದ ಹೋಗಿದ್ದು 20 ಸಾವಿರ. ಪ್ರೈಜ್ ಬಿಟ್ಟರೆ ಮಿಕ್ಕಿದ್ದೆಲ್ಲ ಕೊಟ್ಟವರು ಬಳ್ಳಾರಿಯವರೇ. ನಾಲ್ಕು ವರ್ಷದ ಹಿಂದೆ ಕೌಲ್ ಬಜಾರ್‌ನ ಗ್ಯಾರೇಜಿನಲ್ಲಿ ಕೂತು ಹೀಗೆ ಮಾಡುತ್ತೇನೆ ಅಂದಾಗ ಗೆಳೆಯರೆಲ್ಲ ನಕ್ಕಿದ್ದರು. ಡ್ರ್ಯಾಗ್‌ಗೆ ಯಾರು ರೊಕ್ಕ ಹಾಕ್ತಾರೆ, ಅದೂ ನಮ್ಮೂರಲ್ಲಿ, ಅದೂ ಹಳೇ ಟೂ ಸ್ಟ್ರೋಕ್ ಯಮಹಾ ಆರ್‌ಎಕ್ಸ್ ಬೈಕಿಗೆ ಅಂತ. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು.

ಗಾಡಿ ವೇಗ ಹೆಚ್ಚಿಸುವ ಎಂಜಿನ್ ಕೆಲಸದ ಮಾತನ್ನು ಇಲ್ಲಿ ಬಿಡುತ್ತೇನೆ. ಇದು ಬರೀ ರೊಕ್ಕದ ಮಾತು.

ಮೊದಲನೇ ವರ್ಷ ನಾನು ಪ್ರೈಜ್ ನಂಬಿದ್ದೆ. ಗೆದ್ದರೆ ಖರ್ಚು ವಾಪಸ್ ಬರುತ್ತೆ ಅಂದುಕೊಂಡಿದ್ದೆ. ಬಳ್ಳಾರಿಯಿಂದ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಸುಮಾರು 500 ಕಿ.ಮೀ. ಬಾಡಿಗೆ ಪಿಕಪ್, ಡೀಸೆಲ್, ಟೋಲ್, ಇಬ್ಬರು ಹುಡುಗರು, ಎರಡು ರಾತ್ರಿ ಲಾಡ್ಜ್, ಎಂಟ್ರಿ, ಲೈಸೆನ್ಸ್ ಎಲ್ಲ ಸೇರಿ ಒಂದು ಸಲಕ್ಕೆ 24-25 ಸಾವಿರ. ಕ್ಲಾಸ್ ಗೆದ್ದರೆ ಕೈಗೆ ಬರುವುದು ಒಂದು ಕಪ್, ಜೊತೆಗೆ 10-12 ಸಾವಿರದ ಕವರ್. ಅಂದರೆ ಗೆದ್ದರೂ ಲಾಸು. ಇದು ಗೊತ್ತಾಗೋಕೆ ನನಗೆ ಒಂದು ಇಡೀ ಸೀಸನ್ ಬೇಕಾಯ್ತು.

ಆ ವರ್ಷದ ಎರಡನೇ ಟ್ರಿಪ್‌ನಲ್ಲಿ ಗೆಲ್ಲಲೂ ಇಲ್ಲ. ಗಾಡಿ ಜೆಟ್ಟಿಂಗ್, ಅಂದರೆ ಕಾರ್ಬ್ಯುರೇಟರಿನಿಂದ ಎಷ್ಟು ಪೆಟ್ರೋಲ್ ಹೋಗಬೇಕು ಅನ್ನುವ ಹೊಂದಿಕೆ, ನಮ್ಮೂರಲ್ಲೇ ಮಾಡಿಕೊಂಡು ಹೋಗಿದ್ದೆ. ಬಳ್ಳಾರಿ ಸಮುದ್ರಕ್ಕಿಂತ 450 ಮೀಟರಿಗೂ ಜಾಸ್ತಿ ಎತ್ತರ, ಬಿಸಿಲು ಬೇರೆ, ಗಾಳಿ ತೆಳ್ಳಗಿರುತ್ತೆ. ಅಲ್ಲಿ ಸಮುದ್ರದ ಮಟ್ಟ, ಗಾಳಿ ದಪ್ಪ. ಇಲ್ಲಿ ಸರಿ ಇದ್ದ ಜೆಟ್ ಅಲ್ಲಿ ಲೀನ್ ಆಯ್ತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲಲಿಲ್ಲ. ಮೂರನೇ ಗೇರಿನಲ್ಲಿ ಸದ್ದು ಸ್ವಲ್ಪ ಗಟ್ಟಿಯಾಯ್ತು, ನಾನು ಕ್ಲಚ್ ಹಿಡಿಯುವಷ್ಟರಲ್ಲಿ ಎಂಜಿನ್ ಜಾಮ್. ಬಿಚ್ಚಿದರೆ ಪಿಸ್ಟನ್ನಿನ ಎಕ್ಸಾಸ್ಟ್ ಕಡೆ ಬೆಳ್ಳಗೆ ಉದ್ದುದ್ದ ಗೀರು, ರಿಂಗ್ ಗ್ರೂವ್‌ನಲ್ಲೇ ಅಂಟಿಕೊಂಡಿತ್ತು. ಆ ಪಿಸ್ಟನ್ ಈಗಲೂ ನನ್ನ ಟೇಬಲ್ ಮೇಲಿದೆ. ಯಾಕೆ ಇಟ್ಟಿದ್ದೇನೆ ಅಂತ ಮುಂದೆ ಹೇಳುತ್ತೇನೆ, ಅದರಿಂದಲೇ ನನಗೆ ಮೊದಲ 40 ಸಾವಿರ ಬಂದಿದ್ದು.

ಎರಡನೇ ವರ್ಷ ಸ್ಪಾನ್ಸರ್ ಹುಡುಕಲು ಹೊರಟೆ. ಕಲರ್ ಫೈಲ್ ಮಾಡಿಸಿದೆ, ಒಂದಕ್ಕೆ 90 ರೂಪಾಯಿ, 40 ಕಾಪಿ. ಗಾಡಿ ಫೋಟೋ, ಗೆದ್ದ ಕಪ್ ಫೋಟೋ, ಎಲ್ಲಿ ಸ್ಟಿಕರ್ ಬಂದರೆ ಎಷ್ಟು ರೇಟು ಅಂತ ಪಟ್ಟಿ. ಶೋರೂಮು, ಆಯಿಲ್ ಡೀಲರು, ಬಟ್ಟೆ ಅಂಗಡಿ, ಯಾರನ್ನೂ ಬಿಡಲಿಲ್ಲ. ಒಬ್ಬ ಟೈರ್ ಅಂಗಡಿಯವರು 2 ಸಾವಿರ ಕೊಟ್ಟರು, ಅದೂ ಪರಿಚಯಕ್ಕೆ. ಮುಂಡರಗಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜೀನ್ಸ್ ಯೂನಿಟ್ ಇಟ್ಟಿರುವ ಸಾವ್ಕಾರ್ರು ಒಬ್ಬರು ಫೈಲ್ ಪೂರ್ತಿ ಓದಿ, ಕನ್ನಡಕ ತೆಗೆದು, "ತಮ್ಮಾ, ನಿನ್ನ ಓಟ ಎಷ್ಟೊತ್ತು?" ಅಂದರು. "13 ಸೆಕೆಂಡ್ ಅಣ್ಣಾ" ಅಂದೆ. "ಅಷ್ಟರಲ್ಲಿ ನನ್ನ ಹೆಸರು ಯಾರು ಓದ್ತಾರೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಗಾಲ್ಫ್ ಮೈದಾನದಲ್ಲಿ. ನಮ್ಮ ಸೋದರಮಾವನ ಮಗ ಬೆಂಗಳೂರಲ್ಲಿ ಕ್ಯಾಡಿ, ಆಟಗಾರರ ಬ್ಯಾಗ್ ಹೊರುವವನು. ಒಂದು ಸಲ ಟೂರ್ನಿಗೆ ಮುಂಚೆ ಪ್ರೊ-ಆಮ್ ದಿನ, ಅಂದರೆ ವೃತ್ತಿ ಆಟಗಾರರು (ಪ್ರೊ) ಹವ್ಯಾಸಿಗಳ ಜೊತೆ ಆಡುವ ದಿನ, ಅವನ ಜೊತೆ ಹೋಗಿದ್ದೆ. ಒಬ್ಬ ಪ್ರೊ, ಅವರ ಜೊತೆ ಮೂರು ಜನ ಕಂಪನಿಯವರು. ನಾಲ್ಕೂವರೆ ಗಂಟೆ ಒಟ್ಟಿಗೆ ನಡೆದರು. ಪ್ರೊ ಒಬ್ಬರ ಎಡಗೈ ಹೆಬ್ಬೆರಳು ಹಿಡಿದು ಗ್ರಿಪ್ ಸರಿ ಮಾಡಿದರು, ಆ ಮನುಷ್ಯ ಮುಂದಿನ ಚೆಂಡು ನೆಟ್ಟಗೆ ಹೊಡೆದು ಮಗುವಿನ ಥರ ಕೈ ಎತ್ತಿದರು. ಆಮೇಲೆ ಎಲ್ಲರೂ ಕೂತು ಊಟ. ಆ ಪ್ರೊ ಟೂರ್ನಿಯಲ್ಲಿ ಸ್ಕೋರ್ ಸಾಲದೆ ಎರಡು ದಿನಕ್ಕೇ ಹೊರಬಿದ್ದರು, ಇದನ್ನೇ ಕಟ್ ಅನ್ನುತ್ತಾರೆ. ಕಟ್ ದಾಟದಿದ್ದರೆ ಪ್ರೈಜ್ ಇಲ್ಲ, ಓಡಾಟ, ಕ್ಯಾಡಿ ಸಂಬಳ ಎಲ್ಲ ಕೈಯಿಂದಲೇ. ಆದರೆ ಅವರ ಬ್ಯಾಗ್ ಮೇಲಿದ್ದ ಕಂಪನಿ ಹೆಸರು ಮುಂದಿನ ವರ್ಷವೂ ಹಾಗೇ ಇತ್ತು. ಮಾವನ ಮಗ ಫೋಟೋ ಕಳಿಸಿದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರೈಜ್ ಹೋಲಿಸಿದರೆ ನಮ್ಮದೂ ಅವರದೂ ಆಕಾಶ ಭೂಮಿ, ಅದು ನಿಜ. ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ನಡೆಸುವ ಸಂಸ್ಥೆ ಎನ್‌ಎಚ್‌ಆರ್‌ಎ 1951ರಿಂದ ಇದೆ, ಅಲ್ಲಿಯ ಅತಿ ವೇಗದ ಕ್ಲಾಸಾದ ಟಾಪ್ ಫ್ಯೂಯಲ್ ಗಾಡಿಗೆ 11 ಸಾವಿರ ಹಾರ್ಸ್‌ಪವರ್, ಗಂಟೆಗೆ 530 ಕಿ.ಮೀ. ದಾಟುತ್ತೆ. ಅಂಥದ್ದನ್ನು ವರ್ಷವಿಡೀ ಓಡಿಸಿ ಚಾಂಪಿಯನ್ ಆದರೆ ಮೆಲ್ಲೋ ಯೆಲ್ಲೋ ಅನ್ನುವ ಕೂಲ್ ಡ್ರಿಂಕ್ ಸ್ಪಾನ್ಸರ್ ಇದ್ದ ಕಾಲದಲ್ಲಿ 5 ಲಕ್ಷ ಡಾಲರ್. 2024ರಲ್ಲಿ ಫ್ಲಾರಿಡಾದಲ್ಲಿ ರೇಸರ್‌ಗಳೇ ಸೇರಿ ಒಂದು ದೊಡ್ಡ ಪ್ರೈಜಿನ ರೇಸ್ ಮಾಡಿದರು, ಟಾಪ್ ಫ್ಯೂಯಲ್ ಗೆದ್ದವರಿಗೆ 2.5 ಲಕ್ಷ ಡಾಲರ್, ಅದನ್ನೇ ಎಲ್ಲರೂ ಬಾಯಿ ಬಿಟ್ಟು ನೋಡಿದರು. ಅದೇ ವರ್ಷ ಗಾಲ್ಫ್‌ನಲ್ಲಿ ಸ್ಕಾಟಿ ಶೆಫ್ಲರ್‌ಗೆ ಫೆಡ್‌ಎಕ್ಸ್ ಕಪ್ ಬೋನಸ್ ಒಂದೇ 2.5 ಕೋಟಿ ಡಾಲರ್. ನಮ್ಮ ಬೆಂಗಳೂರಿನ ಅನಿರ್ಬನ್ ಲಾಹಿರಿ 2022ರಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಜಾಗಕ್ಕೆ ಬಂದು ತಂದಿದ್ದು 21.8 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ 16 ಕೋಟಿ ರೂಪಾಯಿಗೂ ಜಾಸ್ತಿ. ಎರಡನೇ ಜಾಗಕ್ಕೆ!

ಇದನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರೇ ನಮ್ಮಲ್ಲಿ ಜಾಸ್ತಿ. ನಾನು ಬೇರೆ ಕಡೆ ನೋಡಿದೆ. ಗಾಲ್ಫ್‌ಗೆ ರೊಕ್ಕ ಹಾಕುವ ಕಂಪನಿಯವರು ತಾವೂ ಆಡುತ್ತಾರೆ, ತಮ್ಮ ಗಿರಾಕಿಗಳನ್ನೂ ಕರೆದುಕೊಂಡು ಬರುತ್ತಾರೆ. ಅವರು ಕೊಂಡುಕೊಳ್ಳುವುದು ಆ ನಾಲ್ಕೂವರೆ ಗಂಟೆಯನ್ನು. ಟೋಪಿ ಮೇಲಿನ ಹೆಸರು ಅದರ ಜೊತೆಗೆ ಬರುವುದು ಅಷ್ಟೇ. ಡ್ರ್ಯಾಗ್‌ನಲ್ಲಿ ಆ ನಾಲ್ಕೂವರೆ ಗಂಟೆ ಎಲ್ಲಿದೆ? ಪಿಟ್‌ನಲ್ಲಿದೆ, ಟ್ರ್ಯಾಕ್ ಪಕ್ಕ ಗಾಡಿ ಬಿಚ್ಚಿ ಸರಿ ಮಾಡುವ ಜಾಗದಲ್ಲಿ! ಎನ್‌ಎಚ್‌ಆರ್‌ಎ ಇದನ್ನು ಯಾವತ್ತೋ ಕಂಡುಕೊಂಡಿದೆ, ಅಲ್ಲಿ ಪ್ರತಿ ಟಿಕೆಟ್ಟೂ ಪಿಟ್ ಪಾಸೇ, ಯಾರು ಬೇಕಾದರೂ ಹೋಗಿ ಎಂಜಿನ್ ಬಿಚ್ಚುವುದನ್ನು ಹತ್ತಿರದಿಂದ ನೋಡಬಹುದು. ಅಲ್ಲಿಯ ರೇಸರ್ ಜಾನ್ ಫೋರ್ಸ್ 16 ಚಾಂಪಿಯನ್‌ಶಿಪ್ ಗೆದ್ದವರು, ಆದರೆ ಆಯಿಲ್ ಕಂಪನಿ ಕ್ಯಾಸ್ಟ್ರಾಲ್ ಅವರ ಜೊತೆ 2014ರ ತನಕ, ಹತ್ತಿರಹತ್ತಿರ ಮೂವತ್ತು ವರ್ಷ ಇದ್ದಿದ್ದು ಬರೀ ಗೆದ್ದಿದ್ದಕ್ಕಲ್ಲ. ಆ ಮನುಷ್ಯ ಮಾತಾಡುವುದನ್ನು ನೋಡಿ, ಗೊತ್ತಾಗುತ್ತೆ.

ಆ ಫೋಟೋ ನೋಡಿದ ಮೇಲೆ ಫೈಲ್‌ಗಳನ್ನೆಲ್ಲ ರದ್ದಿಗೆ ಹಾಕಿದೆ. ಜೀನ್ಸ್ ಸಾವ್ಕಾರ್ರಿಗೆ ಫೋನ್ ಮಾಡಿ, ರೊಕ್ಕ ಕೇಳಲ್ಲ ಅಣ್ಣಾ, ಭಾನುವಾರ ಬೆಳಿಗ್ಗೆ ಗ್ಯಾರೇಜಿಗೆ ಒಗ್ಗಾಣಿ ಮಿರ್ಚಿ ತಿನ್ನೋಕೆ ಬನ್ನಿ ಅಂದೆ. ಮಗನನ್ನು ಕರೆದುಕೊಂಡು ಬಂದರು. ಅವರ ಮುಂದೆಯೇ ಹೆಡ್ ಬಿಚ್ಚಿದೆ, ಸಿಲಿಂಡರ್ ಎತ್ತಿದೆ, ಸುಟ್ಟ ಪಿಸ್ಟನ್ ಕೈಗೆ ಕೊಟ್ಟೆ. ಚೆನ್ನೈ ಗಾಳಿ ಕಥೆ ಹೇಳಿದೆ. ಆಮೇಲೆ ಸಿಲಿಂಡರಿನ ಪೋರ್ಟಿನ, ಅಂದರೆ ಗಾಳಿ ಹೊಗೆ ಹಾಯುವ ಕಿಂಡಿಯ, ಅಂಚಿಗೆ ಬೆರಳು ಇಡಿಸಿ, ಎಷ್ಟು ನುಣುಪು ಬೇಕು, ಎಲ್ಲಿ ನುಣುಪು ಬೇಡ ಅಂತ ತೋರಿಸಿದೆ. ಅವರು ಕಣ್ಣು ಮುಚ್ಚಿ ಬೆರಳು ಆಡಿಸಿ, "ನಮ್ಮಲ್ಲೂ ಹಿಂಗೇ, ದಾರದ ಟೆನ್ಶನ್ ಕೂದಲಷ್ಟು ತಪ್ಪಿದ್ರೆ ಪ್ಯಾಂಟು ವಾಷಿಂಗ್‌ನಲ್ಲಿ ಸುಕ್ಕಾಗ್ತದೆ" ಅಂದರು. ಅಲ್ಲಿಂದ ಎರಡು ಗಂಟೆ ಅವರದೇ ಮಾತು. ಹೋಗುವಾಗ ಅವರೇ ಕೇಳಿದರು, ಸೀಸನ್‌ಗೆ ಎಷ್ಟು ಬೇಕು ಅಂತ. ಆಗ ನಾನು ಏನು ಹೇಳಿದೆ, ಎಷ್ಟು ಕೇಳಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಹತ್ತಿರವೇ ಇರಲಿ. ಮೊದಲ ವರ್ಷ 40 ಸಾವಿರ, ಈಗ 60. ಜೊತೆಗೆ ಟೀಮಿಗೆಲ್ಲ ಮೊಣಕಾಲಿಗೆ ಎರಡು ಪದರ ಹೊಲಿದ ಜೀನ್ಸ್. ಪಿಟ್‌ನಲ್ಲಿ ಮಂಡಿ ಊರಿ ಕೆಲಸ ಮಾಡುವವರಿಗೆ ಅದು ಎಷ್ಟು ಅನುಕೂಲ ಅಂತ ಬೇರೆ ಟೀಮಿನವರು ಕೇಳಿ ಕೇಳಿ, ಅದೇ ಪ್ಯಾಂಟು ಸಾವ್ಕಾರ್ರು ಮಾರೋಕೂ ಶುರು ಮಾಡಿದ್ದಾರೆ.

ಚೆನ್ನೈ ರೇಸಿಗೆ ಸಾವ್ಕಾರ್ರು ತಮ್ಮ ಇಬ್ಬರು ಗಿರಾಕಿಗಳನ್ನು ಕರೆದುಕೊಂಡು ಬಂದರು. ನಮ್ಮ ಟೆಂಟಲ್ಲಿ ನಾಲ್ಕು ಕುರ್ಚಿ, ಮಜ್ಜಿಗೆ, ಒಂದು ಟೇಬಲ್ ಫ್ಯಾನ್. ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡುವ ಕೆಲಸ ಅವರಿಗೇ ಕೊಟ್ಟೆ. ಕಾಫಿ ಪುಡಿ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಕೂಗಿ ಅಂದೆ. ಅವರು ಬಿಸಿಲಲ್ಲಿ ಇಡೀ ದಿನ ಕದಲಲಿಲ್ಲ.

ಎರಡನೇ ಸ್ಪಾನ್ಸರ್ ಒಬ್ಬ ಲಾರಿ ಮಾಲೀಕರು, ಅವರದ್ದು ಇನ್ನೂ ಸುಲಭ ಆಯ್ತು. ಅವರ ಲಾರಿಗಳು ಉಕ್ಕು ಹೇರಿಕೊಂಡು ಚೆನ್ನೈಗೆ ಹೋಗುತ್ತಲೇ ಇರುತ್ತವೆ. ಗಾಡಿ, ಟೂಲ್ ಪೆಟ್ಟಿಗೆ ಅದರಲ್ಲೇ ಹೋಗುತ್ತೆ, ನಾವು ಟ್ರೈನು. ನಗದು ಒಂದು ರೂಪಾಯಿ ಇಲ್ಲ, ಆದರೆ ಸೀಸನ್‌ಗೆ 35 ಸಾವಿರ ಉಳಿಯುತ್ತೆ. ಸ್ಪೇರ್ ಅಂಗಡಿಯವರು 25 ಸಾವಿರದ ಸಾಮಾನು ಕೊಡುತ್ತಾರೆ. ಪ್ರೈಜ್ ಈ ವರ್ಷ ಎಲ್ಲ ಸೇರಿ 28 ಸಾವಿರ.

ಒಂದು ಕಡೆ ಕೈ ಸುಟ್ಟುಕೊಂಡೆ. ಸಿರುಗುಪ್ಪ ಕಡೆ ಒಬ್ಬ ರೈಸ್‌ಮಿಲ್‌ನವರು 50 ಸಾವಿರ ಕೊಡುತ್ತೇನೆ ಅಂದರು, ನಾನು ಅದನ್ನು ನಂಬಿ ಕಾರ್ಬ್ಯುರೇಟರ್ ಸಾಲಕ್ಕೆ ತಂದೆ. ಆಮೇಲೆ ಮೆರವಣಿಗೆಯಲ್ಲಿ ಊರ ರಸ್ತೆ ಮೇಲೆ ವೀಲಿಂಗ್ ಮಾಡು ಅಂದರು. ಆಗಲ್ಲ ಅಂದೆ. ರಸ್ತೆಯಲ್ಲಿ ಮಕ್ಕಳಿರುತ್ತಾರೆ, ನನ್ನ ಲೈಸೆನ್ಸೂ ಹೋಗುತ್ತೆ. ರೊಕ್ಕ ಬರಲಿಲ್ಲ, ಆ ಸಾಲ ತೀರಿಸೋಕೆ ಎಂಟು ತಿಂಗಳು ಹಿಡಿಯಿತು. ಈಗ ರೊಕ್ಕ ಕೈಗೆ ಬರದೆ ಒಂದು ಜೆಟ್ಟೂ ಕೊಳ್ಳಲ್ಲ.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ಪೆಟ್ರೋಲ್ ಕ್ಯಾನ್ ಐಸ್ ಡಬ್ಬಿಯಲ್ಲಿಟ್ಟು ಓಡಿಸಿದೆ, ಟೈಮಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಟ್ಯಾಂಕಿಗೆ ಜೀನ್ಸ್ ಬಟ್ಟೆ ಅಂಟಿಸಿದೆ, ನೋಡೋಕೆ ಚಂದ, ಆಯಿಲ್ ಬಿದ್ದ ಮೇಲೆ ಹಾಳು. ವಿಡಿಯೋದಲ್ಲಿ ಮಾತ್ರ ಒಂದು ವಿಷಯ ಕಲಿತೆ. ಸ್ಟಾರ್ಟ್ ಲೈನ್ ವಿಡಿಯೋಗೆ 900 ಜನ ನೋಡಿದರೆ, ಸುಟ್ಟ ಪಿಸ್ಟನ್ ತೆಗೆಯುವ ವಿಡಿಯೋಗೆ 30 ಸಾವಿರದ ಹತ್ತಿರ.

ಪ್ರತಿ ರೇಸ್ ಆದ ರಾತ್ರಿಯೇ ಸ್ಪಾನ್ಸರ್‌ಗೆ ಒಂದು ಪುಟ ಬರೆದು ಕಳಿಸುತ್ತೇನೆ. ಟೈಮ್ ಸ್ಲಿಪ್ (ಓಟದ ಟೈಮ್ ಬರೆದ ಚೀಟಿ) ಫೋಟೋ, ಟೆಂಟಿಗೆ ಎಷ್ಟು ಜನ ಬಂದರು, ಇನ್ನೊಂದು ವಿಷಯ. ಆ ಇನ್ನೊಂದು ಏನು ಅಂತ ಕೇಳಬೇಡಿ. ಸೋತರೂ ಕಳಿಸುತ್ತೇನೆ, ಯಾಕೆ ಸೋತೆ ಅಂತಲೂ ಬರೆಯುತ್ತೇನೆ. ಮೂರು ವರ್ಷದಲ್ಲಿ ಒಬ್ಬರೂ ಬಿಟ್ಟು ಹೋಗಿಲ್ಲ.

ಸಾವ್ಕಾರ್ರ ಮಗ ಈಗ ಫೋರ್ ಸ್ಟ್ರೋಕ್ ಕ್ಲಾಸಿಗೂ ಒಂದು ಗಾಡಿ ಕಟ್ಟೋಣ ಅನ್ನುತ್ತಿದ್ದಾನೆ. ಎಂಜಿನ್ ತಂದು ಟೇಬಲ್ ಮೇಲಿಟ್ಟಿದ್ದೇವೆ. ಹೆಡ್ ಬಿಚ್ಚುವುದು ಈ ಭಾನುವಾರ, ಅವನೇ ಬಿಚ್ಚುತ್ತಾನಂತೆ.